ಒಪ್ಪಿಗೆಯ ಫಲಕದ ಪೂರ್ವವೃತ್ತಾಂತ

1996ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಎಂಬ ಬ್ರೌಸರಿನ ಮೂರನೆಯ ಆವೃತ್ತಿ ಹೊರಬಂದಾಗ, ಅದರ ಆಯ್ಕೆಗಳ ಪಟ್ಟಿಯಲ್ಲಿ, ಸಾಮಾನ್ಯರು ಹೋಗಿ ನೋಡದಂತಹ ಒಂದು ಒಳಪುಟದಲ್ಲಿ, ಕುಕೀಯನ್ನು ಸ್ವೀಕರಿಸುವುದಕ್ಕೆ ಮುಂಚೆ ತಿಳಿಸು ಎಂಬರ್ಥದ ಒಂದು ಪುಟ್ಟ ಚೌಕವಿತ್ತು. ಅದಕ್ಕೆ ಗುರುತು ಹಾಕಿಕೊಂಡವರು ಆಮೇಲೆ ಯಾವ ಜಾಲತಾಣಕ್ಕೆ ಹೋದರೂ, ಪುಟ ಪೂರ್ತಿಯಾಗಿ ಬಿಚ್ಚಿಕೊಳ್ಳುವ ಮೊದಲೇ ಬೂದುಬಣ್ಣದ ಪೆಟ್ಟಿಗೆಯೊಂದು ತೆರೆಯ ಮೇಲೆ ಮೂಡಿ, ಇಂಥ ಸರ್ವರ್ ತಮ್ಮಲ್ಲಿ ಒಂದು ಕುಕೀಯನ್ನು ಇಡಬಯಸುತ್ತದೆ, ಅದರ ಹೆಸರು ಇದು, ಅದರಲ್ಲಿ ಬರೆದಿರುವ ಅಕ್ಷರಗಳು ಇವು, ಇಂಥ ತಾರೀಖಿನವರೆಗೆ ಅದು ಉಳಿದಿರುತ್ತದೆ, ಇಡಗೊಡಬಹುದೇ ಎಂದು ಕೇಳುತ್ತಿತ್ತು. ಒಪ್ಪುವ ಗುಂಡಿಯೂ ಒಲ್ಲೆನೆನ್ನುವ ಗುಂಡಿಯೂ ಪಕ್ಕಪಕ್ಕದಲ್ಲಿದ್ದುವು. ಇಂದು ನಮ್ಮನ್ನು ದಿನವೂ ಅಡ್ಡಗಟ್ಟುವ ಸಮ್ಮತಿಫಲಕಗಳ ವಂಶವೃಕ್ಷವನ್ನು ಬರೆಯಹೊರಟವರು ಈ ಬೂದು ಪೆಟ್ಟಿಗೆಯಿಂದಲೇ ಆರಂಭಿಸಬೇಕು. ಆದರೆ ಮೂಲಕ್ಕೂ ಸಂತತಿಗೂ ಒಂದು ಮುಖ್ಯ ಭೇದವುಂಟು. 1996ರಲ್ಲಿ ಆ ಪ್ರಶ್ನೆಯನ್ನು ಕೇಳುತ್ತಿದ್ದುದು ಓದುಗನ ಸ್ವಂತ ಉಪಕರಣ. ಓದುಗನು ಯಾವ ತಾಣದ ಬಾಗಿಲಿಗೆ ಹೋಗಿದ್ದನೋ ಆ ತಾಣವಲ್ಲ. ಮುಂದಿನ ಮೂರು ದಶಕಗಳಲ್ಲಿ ಪ್ರಶ್ನೆ ಉಳಿಯಿತು, ಕೇಳುವವನು ಬದಲಾದನು. ಉತ್ತರದಿಂದ ಯಾರಿಗೆ ಲಾಭವೋ ಅವರ ಕೈಗೇ ಪ್ರಶ್ನೆಪತ್ರಿಕೆಯನ್ನು ಬರೆಯುವ ಅಧಿಕಾರ ಹೋಗಿ ಸೇರಿತು. ಇದು ಹೇಗಾಯಿತೆಂಬುದೇ ಇಲ್ಲಿಯ ವಿಷಯ.

ಕುಕೀಯ ಜನನಕ್ಕೆ ಕಾರಣವಾದುದು ಜಾಲದ ವಿಸ್ಮರಣಶೀಲತೆ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲವನ್ನು ರೂಪಿಸಿದಾಗ, ಭೌತವಿಜ್ಞಾನಿಗಳು ಪರಸ್ಪರರ ಲೇಖನಗಳನ್ನೂ ದಾಖಲೆಗಳನ್ನೂ ತರಿಸಿ ಓದುವುದಷ್ಟೆ ಅದರ ಪ್ರಯೋಜನವಾಗಿತ್ತು. ಒಂದು ಯಂತ್ರ ಪುಟವನ್ನು ಕೇಳುವುದು, ಇನ್ನೊಂದು ಯಂತ್ರ ಅದನ್ನು ಕೊಡುವುದು, ಕೊಟ್ಟೊಡನೆ ಕೇಳಿದವರಾರೆಂಬುದನ್ನು ಮರೆತುಬಿಡುವುದು: ವ್ಯವಹಾರ ಅಷ್ಟಕ್ಕೆ ಮುಗಿಯುತ್ತಿತ್ತು. ಅದೇ ಓದುಗನು ಅರೆನಿಮಿಷದ ತರುವಾಯ ಎರಡನೆಯ ಪುಟವನ್ನು ಕೇಳಿದರೆ ಸರ್ವರಿನ ದೃಷ್ಟಿಯಲ್ಲಿ ಅವನು ಹೊಸಬನೇ. ಇದನ್ನು ದೋಷವೆಂದು ಭಾವಿಸುವುದು ತಪ್ಪು. ಯಾರನ್ನೂ ನೆನಪಿಟ್ಟುಕೊಳ್ಳುವ ಹೊಣೆಯಿಲ್ಲದುದರಿಂದಲೇ ಒಂದು ಸಾಧಾರಣ ಯಂತ್ರವೂ ಸಾವಿರಾರು ಓದುಗರಿಗೆ ಪುಟಗಳನ್ನು ಹಂಚಲು ಶಕ್ತವಾಯಿತು. ಜಾಲವು ಅಷ್ಟು ವೇಗದಲ್ಲಿ ಹರಡಿಕೊಂಡುದಕ್ಕೆ ಈ ಸರಳತೆಯೂ ಒಂದು ಕಾರಣ. ಗ್ರಂಥಾಲಯಕ್ಕೆ ಒಪ್ಪುವ ಈ ಗುಣ ವ್ಯಾಪಾರಕ್ಕೆ ಮಾತ್ರ ಒಪ್ಪದು. ಗಿರಾಕಿಯು ಮೊದಲ ಪುಟದಲ್ಲಿ ಆರಿಸಿದ ಸರಕನ್ನು ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಂಗಡಿಯು ಮರೆತರೆ ಕೊಳ್ಳುವುದೆಂತು, ಮಾರುವುದೆಂತು?

ಈ ತೊಡಕು 1994ರಲ್ಲಿ ಕ್ಯಾಲಿಫೋರ್ನಿಯಾದ ನೆಟ್‌ಸ್ಕೇಪ್ ಸಂಸ್ಥೆಯ ಮುಂದೆ ಪ್ರತ್ಯಕ್ಷವಾಗಿ ಬಂದು ನಿಂತಿತು. ಎಂಸಿಐ ಎಂಬ ದೂರವಾಣಿ ಸಂಸ್ಥೆಗಾಗಿ ಜಾಲದ ಮೇಲೆ ಒಂದು ಅಂಗಡಿಯನ್ನು ಕಟ್ಟಿಕೊಡುವ ಮಾತುಕತೆ ನಡೆಯುತ್ತಿತ್ತು. ಅರ್ಧಕ್ಕೆ ನಿಂತ ವ್ಯವಹಾರಗಳ ಲೆಕ್ಕವನ್ನೆಲ್ಲ ತನ್ನ ಸರ್ವರ್‌ಗಳಲ್ಲಿ ಹೊತ್ತುಕೊಂಡಿರಲು ಎಂಸಿಐ ಒಪ್ಪಲಿಲ್ಲ. ಆಗ ನೆಟ್‌ಸ್ಕೇಪಿನಲ್ಲಿ ಕೆಲಸದಲ್ಲಿದ್ದ ಲೂ ಮಾಂಟುಲಿ, ಹಿಂದೆ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಲಿಂಕ್ಸ್ ಎಂಬ ಅಕ್ಷರಮಾತ್ರದ ಬ್ರೌಸರನ್ನು ರೂಪಿಸಿದವರಲ್ಲಿ ಒಬ್ಬನಾಗಿದ್ದ ತರುಣ, ಆ ವರ್ಷದ ಜೂನ್ ತಿಂಗಳಿನಲ್ಲಿ ಇದಕ್ಕೆ ಪರಿಹಾರವನ್ನು ಯೋಚಿಸಿದನು: ನೆನಪು ಸರ್ವರಿನಲ್ಲಿ ಬೇಡವೆಂದಾದರೆ ಗಿರಾಕಿಯ ಯಂತ್ರದಲ್ಲಿಯೇ ಇರಲಿ. ಸರ್ವರ್ ಪುಟವನ್ನು ಕಳಿಸುವಾಗ ಅದರ ಶಿರೋಭಾಗದಲ್ಲಿ ಸೆಟ್-ಕುಕೀ ಎಂಬ ಒಂದು ಸಾಲನ್ನು ಸೇರಿಸುವುದು. ಬ್ರೌಸರು ಆ ಸಾಲಿನ ಅಕ್ಷರಗಳನ್ನು ಬರೆದಿಟ್ಟುಕೊಂಡು, ಮುಂದೆ ಆ ತಾಣಕ್ಕೆ ಹೋದಾಗಲೆಲ್ಲ ಅವನ್ನೇ ಯಥಾವತ್ತಾಗಿ ಒಪ್ಪಿಸುವುದು. ಜಾನ್ ಜಿಯನಾಂಡ್ರಿಯಾ ಎಂಬ ಸಹೋದ್ಯೋಗಿಯೊಡನೆ ಕೂಡಿ ಮಾಂಟುಲಿ ಬರೆದ ಮೊದಲ ನಿರೂಪಣೆ ಕೆಲವೇ ಪುಟಗಳದು. ಒಂದು ಕುಕೀಗೆ 4 ಕಿಲೋಬೈಟು, ಒಂದು ತಾಣಕ್ಕೆ 20 ಕುಕೀ, ಬ್ರೌಸರೊಂದಕ್ಕೆ ಒಟ್ಟು 300 ಎಂಬ ಮಿತಿಗಳನ್ನು ಅದು ಹಾಕಿತು. ಅದೇ ಅಕ್ಟೋಬರಿನಲ್ಲಿ ಹೊರಬಂದ ನೆಟ್‌ಸ್ಕೇಪಿನ ಪ್ರಥಮ ಬ್ರೌಸರಿನಲ್ಲಿಯೇ ಈ ಸೌಕರ್ಯವಿತ್ತು. ಮೊದಲ ಪ್ರಯೋಗವೂ ನಿರುಪದ್ರವಿಯಾದುದೇ: ನೆಟ್‌ಸ್ಕೇಪಿನ ತಾಣಕ್ಕೆ ಬಂದವರು ಹಿಂದೆ ಒಮ್ಮೆ ಬಂದವರೋ ಅಲ್ಲವೋ ಎಂದು ತಿಳಿಯುವುದು.

ನಮ್ಮ ಊರುಗಳ ದಿನಸಿ ಅಂಗಡಿಯವರು ಉದ್ರಿ ಗಿರಾಕಿಗಳ ಕೈಗೆ ಕೊಡುತ್ತಿದ್ದ ಪುಟ್ಟ ಲೆಕ್ಕದ ಪುಸ್ತಕವನ್ನು ನೆನೆದರೆ ಕುಕೀಯ ಸ್ವರೂಪ ಮನಸ್ಸಿಗೆ ಬರುತ್ತದೆ: ಪುಸ್ತಕವಿರುವುದು ಗಿರಾಕಿಯ ಮನೆಯಲ್ಲಿ, ಬರೆಯುವವನು ಅಂಗಡಿಯವನು, ಪ್ರತಿಸಲವೂ ಹಿಡಿದು ತರುವ ಹೊಣೆ ಗಿರಾಕಿಯದು. ಇಲ್ಲಿ ಮಾಂಟುಲಿಯ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಪ್ರತಿಯೊಂದು ಬ್ರೌಸರಿಗೂ ಒಂದೊಂದು ಶಾಶ್ವತವಾದ ಸಂಖ್ಯೆಯನ್ನು ಕೊಟ್ಟು, ಹೋದ ತಾಣಕ್ಕೆಲ್ಲ ಆ ಸಂಖ್ಯೆಯನ್ನು ಸಾರುತ್ತ ಹೋಗುವ ಉಪಾಯ ಇದಕ್ಕಿಂತ ಸುಲಭವಾದುದಾಗಿತ್ತು. ಅದು ಅವನ ಎಣಿಕೆಯಲ್ಲಿ ಬಂದೂ ಇತ್ತು. ಆದರೆ ಹಾಗೆ ಮಾಡಿದರೆ ಮನುಷ್ಯನೊಬ್ಬನು ತಾಣದಿಂದ ತಾಣಕ್ಕೆ ಹೋಗುವುದನ್ನು ಯಾರು ಬೇಕಾದರೂ ಬೆನ್ನಟ್ಟಬಹುದೆಂದು ಅವನು ಅದನ್ನು ಬಿಟ್ಟನು. ಒಂದು ತಾಣ ಬರೆದ ಕುಕೀಯನ್ನು ಆ ತಾಣವೇ ಓದಬೇಕು, ಇನ್ನೊಂದು ಓದಕೂಡದು ಎಂಬ ನಿಯಮ ಅವನು ಬುದ್ಧಿಪೂರ್ವಕವಾಗಿ ಕಟ್ಟಿದ ಗೋಡೆ. ಗೋಡೆ ಗಟ್ಟಿಯಾಗಿಯೇ ಇತ್ತು. ಕನ್ನ ಬಿದ್ದುದು ಬೇರೆ ಕಡೆಯಲ್ಲಿ.

ಜಾಲದ ಪುಟವೆಂಬುದು ಒಂದೇ ಕಡೆಯಿಂದ ಬರುವ ಅಖಂಡವಾದ ವಸ್ತುವಲ್ಲ. ಬರಹ ಒಂದು ಸರ್ವರಿನಿಂದ ಬಂದರೆ ಅದರೊಳಗಣ ಚಿತ್ರ ಇನ್ನೊಂದು ಸರ್ವರಿನಿಂದ ಬರಬಹುದು. ಬ್ರೌಸರು ಎರಡನ್ನೂ ತಂದು ಜೋಡಿಸಿ ತೋರಿಸುತ್ತದೆ. 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಪತ್ರಿಕಾತಾಣದಲ್ಲಿ ಎಟಿ ಅಂಡ್ ಟಿ ಸಂಸ್ಥೆಯ ಪಟ್ಟಿಜಾಹೀರಾತು ಕಾಣಿಸಿಕೊಂಡಂದಿನಿಂದ ಜಾಹೀರಾತಿನ ಚಿತ್ರಗಳು ಜಾಲದಲ್ಲಿ ಬೆಳೆದುವು. ಸ್ವಲ್ಪ ಕಾಲದಲ್ಲಿಯೇ ಅನೇಕ ತಾಣಗಳಿಗೆ ಒಂದೇ ಕಡೆಯಿಂದ ಜಾಹೀರಾತನ್ನು ಬಡಿಸುವ ಮಧ್ಯವರ್ತಿಗಳು ಹುಟ್ಟಿಕೊಂಡರು. ಅವರಲ್ಲಿ ಪ್ರಮುಖವಾದುದು ಕೆವಿನ್ ಓ'ಕಾನರ್ ಮತ್ತು ಡ್ವೈಟ್ ಮೆರಿಮನ್ ಕಟ್ಟಿದ ಡಬಲ್‌ಕ್ಲಿಕ್. ಓದುಗನು ಬೆಳಿಗ್ಗೆ ಒಂದು ವೃತ್ತಪತ್ರಿಕೆಯ ತಾಣವನ್ನು ತೆರೆದರೆ, ಅಲ್ಲಿಯ ಜಾಹೀರಾತಿನ ಚಿತ್ರವನ್ನು ತರಲು ಅವನ ಬ್ರೌಸರು ಅವನಿಗೆ ಅರಿವಿಲ್ಲದೆಯೇ ಡಬಲ್‌ಕ್ಲಿಕ್ಕಿನ ಸರ್ವರಿಗೆ ಹೋಗುತ್ತದೆ. ಆ ಸರ್ವರ್ ಚಿತ್ರದೊಡನೆ ತನ್ನದೊಂದು ಕುಕೀಯನ್ನೂ ಅಂಟಿಸಿ ಕಳಿಸುತ್ತದೆ. ಮಧ್ಯಾಹ್ನ ಅವನು ಔಷಧಗಳ ವಿಷಯವನ್ನು ತಿಳಿಯಲು ಬೇರೊಂದು ತಾಣಕ್ಕೆ ಹೋದರೆ, ಅಲ್ಲಿಯೂ ಅದೇ ಮಧ್ಯವರ್ತಿಯ ಚಿತ್ರ. ಬೆಳಗಿನ ಕುಕೀ ಅದರ ಒಡೆಯನಿಗೆ ಹಿಂದಿರುಗುತ್ತದೆ, ಯಾವ ಪುಟದಿಂದ ಬಂದೆನೆಂಬ ವಿಳಾಸವೂ ಜತೆಗೆ ಹೋಗುತ್ತದೆ. ನಿಯಮ ಎಲ್ಲಿಯೂ ಮುರಿಯಲಿಲ್ಲ. ಬರೆದವನೇ ಓದಿದನು, ಆದರೆ ಆ ಬರೆದವನು ಸಾವಿರ ಬಾಗಿಲುಗಳಲ್ಲಿ ಏಕಕಾಲಕ್ಕೆ ನಿಂತಿದ್ದನು. ಚಿತ್ರವು ಕಣ್ಣಿಗೆ ಕಾಣುವಂಥದಾಗಿರಬೇಕೆಂಬ ಕಟ್ಟೂ ಇರಲಿಲ್ಲ: ಒಂದೇ ಒಂದು ಬಿಂದುವಿನಷ್ಟಿದ್ದು ಪುಟದ ಬಣ್ಣದಲ್ಲಿ ಕರಗಿಹೋಗುವ ಪಾರದರ್ಶಕ ಚಿತ್ರವಾದರೂ ಕೆಲಸ ನಡೆಯುತ್ತಿತ್ತು, ಇಂದಿಗೂ ನಡೆಯುತ್ತಿದೆ.

ಇಷ್ಟೆಲ್ಲ ಆಗುತ್ತಿದ್ದರೂ ಜನಕ್ಕೆ ಕುಕೀ ಎಂಬುದೊಂದು ಇದೆಯೆಂದು ತಿಳಿದುದು 1996ರ ಫೆಬ್ರವರಿ 12ರಂದು, ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಅದನ್ನು ಕುರಿತು ಲೇಖನವನ್ನು ಪ್ರಕಟಿಸಿದ ಮೇಲೆ. ಒಂದೂವರೆ ವರ್ಷದ ಕಾಲ ಅದು ಲಕ್ಷಾಂತರ ಯಂತ್ರಗಳಲ್ಲಿ, ಯಂತ್ರದ ಯಜಮಾನನ ಗಮನಕ್ಕೆ ಬಾರದೆ, ಬರೆಯಲ್ಪಡುತ್ತಲೂ ಓದಲ್ಪಡುತ್ತಲೂ ಇದ್ದಿತು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನು 1996 ಮತ್ತು 1997ರಲ್ಲಿ ವಿಚಾರಣೆಗಳನ್ನು ನಡೆಸಿತು. ಆರಂಭದಲ್ಲಿ ಹೇಳಿದ ಬೂದು ಪೆಟ್ಟಿಗೆ ನೆಟ್‌ಸ್ಕೇಪಿನಲ್ಲಿ ಕಾಣಿಸಿಕೊಂಡುದೂ ಈ ಸಂದರ್ಭದಲ್ಲಿಯೇ. ಅದನ್ನು ಚಾಲೂ ಮಾಡಿದವರ ಪಾಡು ಸುಖದ್ದಾಗಿರಲಿಲ್ಲವೆಂಬುದನ್ನೂ ಒಪ್ಪಬೇಕು. ಒಂದೊಂದು ಪುಟಕ್ಕೂ ನಾಲ್ಕಾರು ಕುಕೀಗಳು, ಒಂದೊಂದು ಕುಕೀಗೂ ಒಂದೊಂದು ಪ್ರಶ್ನೆ, ಪ್ರಶ್ನೆಯಲ್ಲಿ ಅರ್ಥವಾಗದ ಅಕ್ಷರಮಾಲೆ; ಅರ್ಧಗಂಟೆಯಲ್ಲಿ ಬೇಸತ್ತು ಚೌಕದ ಗುರುತನ್ನು ಅಳಿಸುವುದೇ ಸಾಮಾನ್ಯ ಪರಿಣಾಮ. ಪ್ರಶ್ನೆಗಳ ಬಾಹುಳ್ಯದಿಂದ ಉತ್ತರಕ್ಕೆ ಬೆಲೆಯಿಲ್ಲದೆ ಹೋಗುವುದೆಂಬ ಪಾಠ ಅಂದೇ ಸಿದ್ಧವಾಗಿತ್ತು. ಕಲಿಯಬೇಕಾದವರು ಕಲಿಯಲಿಲ್ಲ, ಅಥವಾ ಚೆನ್ನಾಗಿಯೇ ಕಲಿತರು.

ಇದೇ ಕಾಲದಲ್ಲಿ ಇನ್ನೊಂದು ಪ್ರಯತ್ನ ನಡೆಯುತ್ತಿತ್ತು, ಅದರ ಸೋಲು ಈ ಇತಿಹಾಸದ ತಿರುವು. ಅಂತರ್ಜಾಲದ ಮಾನಕಗಳನ್ನು ನಿರ್ಣಯಿಸುವ ಐಇಟಿಎಫ್ ಎಂಬ ತಾಂತ್ರಿಕ ಪರಿಷತ್ತಿನಲ್ಲಿ, ಬೆಲ್ ಪ್ರಯೋಗಾಲಯದ ಡೇವಿಡ್ ಕ್ರಿಸ್ಟಲ್ ಮತ್ತು ಮಾಂಟುಲಿ ಇಬ್ಬರೂ ಕೂಡಿ ಕುಕೀಗೆ ಒಂದು ವಿಧಿವತ್ತಾದ ಮಾನಕವನ್ನು ಬರೆಯುತ್ತಿದ್ದರು. ಪರರ ಪುಟದೊಳಕ್ಕೆ ನುಸುಳಿ ಬರುವ ಮೂರನೆಯವರ ಕುಕೀಯಿಂದ ಒದಗುವ ಅಪಾಯ ಆ ಸಮಿತಿಯ ಚರ್ಚೆಯಲ್ಲಿ ಸ್ಪಷ್ಟವಾಗಿ ಹೊಳೆಯಿತು. 1997ರ ಫೆಬ್ರವರಿಯಲ್ಲಿ 2109ನೆಯ ಸಂಖ್ಯೆಯ ದಾಖಲೆಯಾಗಿ ಪ್ರಕಟವಾದ ಮಾನಕವು, ಬ್ರೌಸರು ಇಂತಹ ಕುಕೀಗಳನ್ನು ಸ್ವೀಕರಿಸಲೇಕೂಡದು, ಒಂದು ವೇಳೆ ಸ್ವೀಕರಿಸುವ ಸೌಕರ್ಯವನ್ನು ಕೊಟ್ಟರೂ ಬಳಕೆದಾರನು ತಾನಾಗಿ ಬಯಸುವವರೆಗೆ ಅದು ಮುಚ್ಚಿರತಕ್ಕದ್ದು ಎಂಬ ನಿಯಮವನ್ನು ವಿಧಿಸಿತು. ಜಾಹೀರಾತಿನ ವ್ಯಾಪಾರಿಗಳು ಪ್ರತಿಭಟಿಸಿದರು. ಬ್ರೌಸರನ್ನು ಮಾಡುತ್ತಿದ್ದ ನೆಟ್‌ಸ್ಕೇಪ್, ಮೈಕ್ರೋಸಾಫ್ಟ್ ಎರಡು ಸಂಸ್ಥೆಗಳೂ ಪ್ರತಿಭಟಿಸುವ ಶ್ರಮವನ್ನೂ ತೆಗೆದುಕೊಳ್ಳದೆ ಆ ವಿಧಿಯನ್ನು ಪಾಲಿಸದೆ ಬಿಟ್ಟುವು. ಮಾನಕದ ಸಹಕರ್ತೃವಾದ ಮಾಂಟುಲಿಯೇ ನೆಟ್‌ಸ್ಕೇಪಿನಲ್ಲಿ ಮೂರನೆಯವರ ಕುಕೀಯನ್ನು ಉಳಿಸುವ ನಿರ್ಧಾರವನ್ನು ಮಾಡಿದವನು. ಕುಕೀಯನ್ನು ತಡೆದರೆ ಜಾಹೀರಾತಿನವರು ಕಣ್ಣಿಗೇ ಬೀಳದ ಬೇರೆ ಉಪಾಯವನ್ನು ಹುಡುಕುವರು, ಕುಕೀಯಾದರೆ ಬಳಕೆದಾರನು ಕಂಡು ಅಳಿಸಬಹುದು ಎಂಬುದು ಅವನು ಬಹುಕಾಲದ ಮೇಲೆ ಕೊಟ್ಟ ಸಮಾಧಾನ. ತರ್ಕದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಒಂದು ಉಪಕರಣವು ಹುಟ್ಟಿನಿಂದ ಹೇಗೆ ಹೊಂದಿಸಲ್ಪಟ್ಟಿರುತ್ತದೆಯೋ ಹಾಗೆಯೇ ಕೋಟ್ಯಂತರ ಜನರು ಅದನ್ನು ಬಳಸುವರೆಂಬುದನ್ನು ಬಲ್ಲವರು ಈ ಸಮಾಧಾನದಿಂದ ತೃಪ್ತರಾಗಲಾರರು. ಬೇಡವೆನ್ನುವುದು ಸಹಜಸ್ಥಿತಿಯಾಗಿ, ಬೇಕೆನ್ನುವವನು ಮಾತ್ರ ಕೈಯೆತ್ತಬೇಕಾದ ಜಾಲವು ಆ ವರ್ಷ ನಮಗೆ ತಪ್ಪಿಹೋಯಿತು.

ಡಬಲ್‌ಕ್ಲಿಕ್ಕಿನ ಬಳಿ ಇದ್ದುದು ಸಂಖ್ಯೆಗಳು. ಆ ಸಂಖ್ಯೆಗಳ ಹಿಂದಿನ ಮನುಷ್ಯರ ಹೆಸರು ಅದಕ್ಕೆ ತಿಳಿಯದು. 1999ರಲ್ಲಿ ಅದು ನೂರು ಕೋಟಿ ಡಾಲರಿಗೂ ಮಿಕ್ಕ ಬೆಲೆಯ ವ್ಯವಹಾರದಲ್ಲಿ ಅಬಾಕಸ್ ಡೈರೆಕ್ಟ್ ಎಂಬ ಸಂಸ್ಥೆಯನ್ನು ಕೊಂಡಿತು. ಅಂಚೆಯ ಮೂಲಕ ಸಾಮಾನು ತರಿಸುವ ಅಮೆರಿಕದ ಕುಟುಂಬಗಳ ಹೆಸರು, ವಿಳಾಸ, ಖರೀದಿಯ ವಿವರಗಳನ್ನು ಕೂಡಿಹಾಕಿದ ಬೃಹತ್ತಾದ ಭಂಡಾರ ಅಬಾಕಸ್ಸಿನದು. ಹೆಸರಿಲ್ಲದ ಸಂಚಾರವೂ ಸಂಚಾರವರಿಯದ ಹೆಸರೂ ಒಂದೇ ಸೂರಿನಡಿಯಲ್ಲಿ ಸೇರಿದುವು. ಎರಡನ್ನೂ ಬೆಸೆಯುವ ಉದ್ದೇಶವನ್ನು ಸಂಸ್ಥೆ ಮುಚ್ಚಿಡಲೂ ಇಲ್ಲ. ಫೆಡರಲ್ ಟ್ರೇಡ್ ಕಮಿಷನ್ನಿನ ತನಿಖೆ, ನ್ಯಾಯಾಲಯಗಳಲ್ಲಿ ದಾವೆಗಳು, ಷೇರಿನ ಬೆಲೆಯ ಇಳಿತ ಇವೆಲ್ಲ ಒಟ್ಟಿಗೆ ಬಂದಾಗ, 2000ದ ಮಾರ್ಚಿಯಲ್ಲಿ ಓ'ಕಾನರ್ ತನ್ನದು ತಪ್ಪು ಹೆಜ್ಜೆಯೆಂದು ಬಹಿರಂಗವಾಗಿ ಒಪ್ಪಿ ಯೋಜನೆಯನ್ನು ಹಿಂದೆಗೆದುಕೊಂಡನು. ಆ ದಿನಗಳಲ್ಲಿ ಡಬಲ್‌ಕ್ಲಿಕ್ಕಿನ ಬೆನ್ನಟ್ಟುವಿಕೆಯಿಂದ ಬಿಡುಗಡೆ ಬಯಸಿದವರಿಗೆ ಒಂದು ಮಾರ್ಗವಿದ್ದಿತು. ಅದು ಅವರದೇ ಮತ್ತೊಂದು ಕುಕೀಯನ್ನು ಸ್ವೀಕರಿಸುವುದು. ತಮ್ಮನ್ನು ಬಿಟ್ಟುಬಿಡಬೇಕೆಂಬ ಕೋರಿಕೆ ಅದರಲ್ಲಿ ಬರೆದಿರುತ್ತಿತ್ತು. ಜಾಗರೂಕನಾದವನು ಕುಕೀಗಳನ್ನೆಲ್ಲ ಒಮ್ಮೆ ಗುಡಿಸಿಹಾಕಿದನೆಂದರೆ ಆ ಕೋರಿಕೆಯೂ ಕಸದೊಡನೆ ಹೋಗುತ್ತಿತ್ತು. ಇಂತಹ ವಿನೋದವನ್ನು ಕಲ್ಪನೆಯಿಂದ ಬರೆದಿದ್ದರೆ ಅತಿಯಾಯಿತೆನ್ನುತ್ತಿದ್ದರು. ಡಬಲ್‌ಕ್ಲಿಕ್ ಮುಂದೆ 310 ಕೋಟಿ ಡಾಲರಿಗೆ ಗೂಗಲಿನ ವಶವಾಯಿತು. 2007ರಲ್ಲಿ ಘೋಷಿತವಾದ ಆ ಖರೀದಿ 2008ರ ಮಾರ್ಚಿಯಲ್ಲಿ ಪೂರ್ಣಗೊಂಡಿತು.

ತಂತ್ರಜ್ಞರು ನಡುನಡುವೆ ಮಾಡಿದ ಎರಡು ಸಾಹಸಗಳನ್ನು ಬೇಗ ಹೇಳಿ ಮುಗಿಸಬಹುದು. ಮೊದಲನೆಯದು ಪಿ3ಪಿ. ತಾಣವು ತನ್ನ ಖಾಸಗಿತನದ ನೀತಿಯನ್ನು ಯಂತ್ರ ಓದುವ ಸಂಕೇತಗಳಲ್ಲಿ ಸಾರಬೇಕು, ಬ್ರೌಸರು ಅದನ್ನು ಓದಿ ಯಜಮಾನನ ಇಚ್ಛೆಗೆ ತಾಳೆ ನೋಡಬೇಕು ಎಂಬುದು ಇದರ ಕ್ರಮ. 2002ರಲ್ಲಿ, ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಎಂಬ ಸಂಸ್ಥೆ ಅದಕ್ಕೆ ಮನ್ನಣೆ ಕೊಟ್ಟಿತು. ಮೈಕ್ರೋಸಾಫ್ಟಿನ ಬ್ರೌಸರು ಅದನ್ನು ಅಳವಡಿಸಿಕೊಂಡಿತು, ಆದರೆ ತನಗೆ ಅರ್ಥವಾಗದ ಸಂಕೇತವನ್ನು ಕಂಡರೆ ಸುಮ್ಮನೆ ದಾಟಿಸಿ ಬಿಡುತ್ತಿತ್ತು. ಗೂಗಲಿನವರು ಸಂಕೇತದ ಸ್ಥಾನದಲ್ಲಿ ಇದು ಪಿ3ಪಿ ನೀತಿಯಲ್ಲ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನೇ ಬರೆದು ಕಳಿಸಿದಾಗ ಆ ಬ್ರೌಸರು ಅದನ್ನೂ ಸಾಧುವಾದ ನೀತಿಯೆಂದು ನಂಬಿ ಬಾಗಿಲು ತೆರೆಯಿತು. ಎರಡನೆಯದು ಡು ನಾಟ್ ಟ್ರ್ಯಾಕ್. ನನ್ನನ್ನು ಬೆನ್ನಟ್ಟಬೇಡಿರಿ ಎಂದು ಬ್ರೌಸರು ಹೋದಲ್ಲೆಲ್ಲ ಒಂದು ಅಂಕೆಯನ್ನು ಸಾರುವುದು, ಕೇಳಿದವರು ಮರ್ಯಾದೆಯಿಂದ ಮನ್ನಿಸುವುದು. 2011ರಲ್ಲಿ ಫೈರ್‌ಫಾಕ್ಸ್ ಅದನ್ನು ಕೊಟ್ಟಿತು. ಮೈಕ್ರೋಸಾಫ್ಟ್ ತನ್ನ ಬ್ರೌಸರಿನ ಹತ್ತನೆಯ ಆವೃತ್ತಿಯಲ್ಲಿ ಅದನ್ನು ಹುಟ್ಟಿನಿಂದಲೇ ಚಾಲೂ ಇಡಲು ಹೊರಟಾಗ, ಬಳಕೆದಾರನು ತಾನಾಗಿ ಆರಿಸದ ಇಚ್ಛೆಯನ್ನು ನಾವು ಮನ್ನಿಸಬೇಕಾದುದಿಲ್ಲವೆಂದು ಜಾಹೀರಾತಿನವರು ವಾದಿಸಿದರು. ಬೆನ್ನಟ್ಟಿಸಿಕೊಳ್ಳಲು ಯಾರೂ ತಾನಾಗಿ ಆರಿಸಿಕೊಂಡಿರಲಿಲ್ಲವೆಂಬುದು ಅವರ ನೆನಪಿಗೆ ಬಂದಂತಿಲ್ಲ. ಇದನ್ನು ಏಳು ವರ್ಷಕ್ಕೂ ಮಿಕ್ಕಿ ಚರ್ಚಿಸಿದ ಡಬ್ಲ್ಯು3ಸಿಯ ಸಮಿತಿ 2019ರ ಜನವರಿಯಲ್ಲಿ ಬಾಗಿಲು ಮುಚ್ಚಿತು.

ಯೂರೋಪಿನ ಶಾಸನ ಈ ಕಥೆಯೊಳಕ್ಕೆ ಬಂದುದು 2002ರಲ್ಲಿ. ಆ ವರ್ಷದ ಇ-ಪ್ರೈವಸಿ ನಿರ್ದೇಶದ 5ನೆಯ ಅನುಚ್ಛೇದ, ಬಳಕೆದಾರನ ಯಂತ್ರದಲ್ಲಿ ಏನನ್ನಾದರೂ ಇಡುವವರು ಅವನಿಗೆ ತಿಳಿಸಿ, ನಿರಾಕರಿಸುವ ಅವಕಾಶವನ್ನು ಕೊಡಬೇಕೆಂದಿತು. 2009ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿರಾಕರಣೆಯ ಅವಕಾಶ ಸಾಲದು, ಮುಂಚಿತವಾಗಿ ಸಮ್ಮತಿಯನ್ನೇ ಪಡೆಯಬೇಕೆಂದು ವಿಧಿಸಿತು. 2011ರ ಮೇ 25ರೊಳಗೆ ಸದಸ್ಯರಾಷ್ಟ್ರಗಳು ಇದನ್ನು ತಮ್ಮ ತಮ್ಮ ಕಾನೂನಿಗೆ ಇಳಿಸಿಕೊಳ್ಳಬೇಕಾಗಿತ್ತು. ತಾಂತ್ರಿಕವಾಗಿ ಸಾಧ್ಯವಾಗಿ, ಫಲಕಾರಿಯೂ ಆಗಿದ್ದರೆ ಬ್ರೌಸರಿನ ಹೊಂದಿಕೆಯ ಮೂಲಕವೂ ಸಮ್ಮತಿಯನ್ನು ತಿಳಿಸಬಹುದೆಂಬ ಮಾತು ಆ ತಿದ್ದುಪಡಿಯ ಪೀಠಿಕೆಯಲ್ಲಿದೆ. ಆದರೆ ಬ್ರೌಸರುಗಳು ಅಂದು ಇದ್ದ ಸ್ಥಿತಿಯಲ್ಲಿ ಅದು ಫಲಕಾರಿಯೆಂದು ಯಾರೂ ಹೇಳುವಂತಿರಲಿಲ್ಲ. ಆದುದರಿಂದ ಕೇಳುವ ಕರ್ತವ್ಯ ತಾಣಗಳ ಮೇಲೆಯೇ ಬಿದ್ದಿತು. ಕರ್ತವ್ಯವೆಂದು ಬಂದುದು ಅಧಿಕಾರವೂ ಆಯಿತು.

ಇಂಗ್ಲೆಂಡಿನಲ್ಲಿ ನಡೆದುದನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಅಲ್ಲಿ ಈ ಕಾನೂನನ್ನು ಪಾಲಿಸುವಂತೆ ನೋಡಿಕೊಳ್ಳಬೇಕಾದುದು ಮಾಹಿತಿ ಆಯುಕ್ತರ ಕಚೇರಿ. ಇತರರಿಗೆ ಒಂದು ವರ್ಷದ ಕಾಲಾವಕಾಶವನ್ನು ಕೊಟ್ಟು, ತಾನು ಮಾತ್ರ ಮೇಲ್ಪಂಕ್ತಿಯನ್ನು ಹಾಕುವ ಸದುದ್ದೇಶದಿಂದ, ಆ ಕಚೇರಿ 2011ರಲ್ಲಿ ತನ್ನ ತಾಣದ ನೆತ್ತಿಯ ಮೇಲೆ ಒಂದು ಪಟ್ಟಿಯನ್ನು ಏರಿಸಿತು: ಈ ತಾಣದ ಕುಕೀಗಳನ್ನು ಒಪ್ಪಿದ್ದೇನೆ ಎಂಬ ಒಕ್ಕಣೆ, ಪಕ್ಕದಲ್ಲಿ ಖಾಲಿಯಾದ ಚೌಕ. ಚೌಕಕ್ಕೆ ಗುರುತು ಹಾಕಿದರೆ ಮಾತ್ರ ಎಣಿಕೆಯ ಕುಕೀ. ಹಾಕದವನಿಗೆ ಯಾವ ತೊಂದರೆಯೂ ಇಲ್ಲ, ತಾಣವನ್ನು ನಿರಾತಂಕವಾಗಿ ಓದಬಹುದು. ಪ್ರಾಮಾಣಿಕವಾದ ಪ್ರಶ್ನೆಯೆಂದರೆ ಇದು. ಉತ್ತರವೂ ಪ್ರಾಮಾಣಿಕವಾಗಿಯೇ ಬಂದಿತು: ಕಚೇರಿಯ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತಿದ್ದ ಭೇಟಿಗಳ ಸಂಖ್ಯೆ ಸುಮಾರು ಶೇಕಡ 90ರಷ್ಟು ಕುಸಿಯಿತು. ಜನರು ಬರುವುದನ್ನು ನಿಲ್ಲಿಸಿದ್ದರೆಂದಲ್ಲ, ಎಣಿಸಿಕೊಳ್ಳಲು ಒಪ್ಪಲಿಲ್ಲ ಅಥವಾ ಆ ಗೊಡವೆಗೇ ಹೋಗಲಿಲ್ಲ. 2012ರ ಮೇ ತಿಂಗಳಲ್ಲಿ ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ, ಸೂಚ್ಯವಾದ ಸಮ್ಮತಿಯೂ ಸಮ್ಮತಿಯೇ ಎಂಬ ಹೊಸ ವ್ಯಾಖ್ಯಾನ ಅದೇ ಕಚೇರಿಯಿಂದ ಹೊರಟಿತು. 2013ರ ಜನವರಿಯಿಂದ ಅದು ತನ್ನ ತಾಣದಲ್ಲಿಯೂ ಬಂದವರಿಗೆಲ್ಲ ಬಂದೊಡನೆಯೇ ಕುಕೀಯನ್ನು ಇಡತೊಡಗಿತು. ಕಾವಲುಗಾರನೇ ಕೈಬಿಟ್ಟ ಮೇಲೆ ವರ್ತಕರು ಬೇರೆ ದಾರಿ ಹಿಡಿಯುವರೇ? ಯೂರೋಪಿನ ಉದ್ದಗಲಕ್ಕೂ ಆ ವರ್ಷಗಳಲ್ಲಿ ಹಬ್ಬಿದ ಪಟ್ಟಿಗಳು ಪ್ರಶ್ನೆಯ ರೂಪವನ್ನೂ ಬಿಟ್ಟು, ಈ ತಾಣವನ್ನು ಬಳಸುತ್ತಿರುವುದರಿಂದಲೇ ನೀವು ಒಪ್ಪಿದ್ದೀರಿ ಎಂಬ ಪ್ರಕಟಣೆಗಳಾಗಿ ಪರಿಣಮಿಸಿದುವು.

2018ರ ಮೇ 25ರಿಂದ ಜಾರಿಗೆ ಬಂದ, ಜಿಡಿಪಿಆರ್ ಎಂಬ ಯೂರೋಪಿನ ದತ್ತಾಂಶ ಸಂರಕ್ಷಣಾ ಶಾಸನವು ಈ ಸಡಿಲಿಕೆಯನ್ನು ಬಿಗಿಗೊಳಿಸಿತು. ಸಮ್ಮತಿಯೆಂಬುದು ಸ್ವತಂತ್ರವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದುದೂ ನಿಸ್ಸಂದಿಗ್ಧವೂ ಆಗಿರಬೇಕು. ಮೌನವಾಗಲಿ, ಮೊದಲೇ ಗುರುತು ಹಾಕಿಟ್ಟ ಚೌಕವಾಗಲಿ ಸಮ್ಮತಿಯಾಗಲಾರದು. ಪ್ಲಾನೆಟ್49 ಎಂಬ ಜರ್ಮನ್ ಸಂಸ್ಥೆ ಬಹುಮಾನದ ಆಟವೊಂದರ ಪುಟದಲ್ಲಿ ಹೀಗೆ ಗುರುತು ಹಾಕಿಟ್ಟ ಚೌಕದಿಂದ ಕುಕೀಗೆ ಒಪ್ಪಿಗೆ ಪಡೆದುದನ್ನು ಗ್ರಾಹಕ ಸಂಘಗಳ ಒಕ್ಕೂಟವು ಪ್ರಶ್ನಿಸಿದಾಗ, ಯೂರೋಪಿನ ನ್ಯಾಯಾಲಯವು 2019ರ ಅಕ್ಟೋಬರ್ 1ರಂದು ಅದು ಒಪ್ಪಿಗೆಯಲ್ಲವೆಂದು ತೀರ್ಪಿತ್ತಿತು. ನಿಯಮಕ್ಕೆ ತಕ್ಕಂತೆ ಕಸುಬೂ ಬೆಳೆಯಿತು. ಸಮ್ಮತಿಫಲಕಗಳನ್ನು ಕಟ್ಟಿ ಬಾಡಿಗೆಗೆ ಕೊಡುವುದೇ ಉದ್ಯೋಗವಾದ ಸಂಸ್ಥೆಗಳು ಎದ್ದುವು. ಎಷ್ಟು ಮಂದಿ ಒಪ್ಪಿದರೆಂಬ ಪ್ರಮಾಣ ಅವುಗಳ ಗಿರಾಕಿಗಳು ಕೇಳುವ ಲೆಕ್ಕವಾಯಿತು. ಆ ಫಲಕವನ್ನು ಹತ್ತಿರದಿಂದ ನೋಡಿರಿ. ಎಲ್ಲವನ್ನೂ ಒಪ್ಪುತ್ತೇನೆ ಎಂಬ ಗುಂಡಿ ಹಸುರಿನಲ್ಲಿಯೋ ನೀಲಿಯಲ್ಲಿಯೋ ತುಂಬಿಕೊಂಡು ನಿಂತಿರುತ್ತದೆ. ಅದರ ಬದಿಯಲ್ಲಿ, ಗುಂಡಿಯೋ ಬರಿಯ ಅಕ್ಷರವೋ ತಿಳಿಯದಂತೆ, ಆಯ್ಕೆಗಳನ್ನು ನಿರ್ವಹಿಸಿರಿ ಎಂಬ ಪೇಲವವಾದ ಮಾತು. ಅದನ್ನು ಒತ್ತಿದವನಿಗೆ ಎರಡನೆಯ ಫಲಕ; ಅಲ್ಲಿ ಉದ್ದೇಶಗಳ ಸಾಲು, ಒಂದೊಂದಕ್ಕೂ ಒಂದೊಂದು ಸ್ವಿಚ್ಚು. ಎಲ್ಲವೂ ಆರಿಯೇ ಇವೆಯೆಂದು ಸಮಾಧಾನಗೊಂಡು ಹೊರಡುವವನು ನ್ಯಾಯಸಮ್ಮತ ಹಿತಾಸಕ್ತಿ ಎಂಬ ಶೀರ್ಷಿಕೆಯನ್ನು ತೆರೆದು ನೋಡಿದರೆ, ಅಲ್ಲಿ ಅದೇ ಉದ್ದೇಶಗಳು ಇನ್ನೊಮ್ಮೆ ಸಾಲಾಗಿ ನಿಂತು, ಸ್ವಿಚ್ಚುಗಳೆಲ್ಲ ಉರಿಯುತ್ತಿರುತ್ತವೆ. ಕೆಳಗೆ ಪಾಲುದಾರರೆಂದು ಕರೆಯಲ್ಪಡುವ ನೂರಾರು ಸಂಸ್ಥೆಗಳ ಪಟ್ಟಿ. ಒಪ್ಪುವುದು ಒಂದು ಕ್ಷಣದ ಕೆಲಸ. ಒಲ್ಲೆನೆಂಬುದು ಒಂದು ವ್ರತ.

ಇದು ಬರಿಯ ಅನುಮಾನವಲ್ಲ. ಇಂಗ್ಲೆಂಡಿನ ಜನಪ್ರಿಯ ತಾಣಗಳಲ್ಲಿ ಬಳಕೆಯಲ್ಲಿದ್ದ ಐದು ಪ್ರಧಾನ ಫಲಕಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶಾಸನದ ಕನಿಷ್ಠ ಅಪೇಕ್ಷೆಗಳನ್ನು ಪೂರೈಸಿದ ತಾಣಗಳು ಶೇಕಡ 11.8 ಮಾತ್ರವೆಂದು ಕಂಡುಬಂದಿತು; ನಿರಾಕರಿಸುವ ಗುಂಡಿಯನ್ನು ಮೊದಲ ಫಲಕದಿಂದ ತೆಗೆದರೆ ಒಪ್ಪುವವರ ಪ್ರಮಾಣ 22ರಿಂದ 23 ಅಂಶಗಳಷ್ಟು ಏರುವುದೆಂದೂ ಅದೇ ಅಧ್ಯಯನ ತೋರಿಸಿತು. ಫ್ರಾನ್ಸಿನ ನಿಯಂತ್ರಣ ಸಂಸ್ಥೆಯಾದ ಸಿಎನ್‌ಐಎಲ್ ಈ ಅಸಮಾನತೆಯನ್ನೇ ಅಪರಾಧವೆಂದು ಎಣಿಸಿ, 2022ರ ಜನವರಿಯಲ್ಲಿ ಗೂಗಲಿಗೆ 15 ಕೋಟಿ, ಫೇಸ್‌ಬುಕ್ಕಿಗೆ 6 ಕೋಟಿ ಯೂರೋಗಳ ದಂಡವನ್ನು ಘೋಷಿಸಿತು: ಒಪ್ಪಲು ಒಂದು ಒತ್ತು ಸಾಕಾಗಿರುವಾಗ ನಿರಾಕರಿಸಲು ಹಲವು ಏಕೆ ಬೇಕು ಎಂಬುದೇ ಆಕ್ಷೇಪಣೆ. ಆ ಏಪ್ರಿಲಿನಲ್ಲಿ ಗೂಗಲ್ ಯೂರೋಪಿನವರಿಗಾಗಿ ಎಲ್ಲವನ್ನೂ ನಿರಾಕರಿಸುವ ಗುಂಡಿಯನ್ನು, ಒಪ್ಪುವ ಗುಂಡಿಯ ಅಳತೆಗೇ, ತಂದಿರಿಸಿತು. ಇಪ್ಪತ್ತಾರು ವರ್ಷಗಳ ಹಿಂದೆ ಯಾರ ಬಲವಂತವೂ ಇಲ್ಲದೆ ಇದ್ದ ಸಮತೆಯನ್ನು ಕೋಟಿಗಳ ದಂಡದಿಂದ ಮತ್ತೆ ಪಡೆಯಬೇಕಾಯಿತು.

ಬ್ರೌಸರುಗಳು ಈ ನಡುವೆ ಒಂದೊಂದಾಗಿ 1997ರ ಮಾನಕದ ಕಡೆಗೆ ಹೊರಳತೊಡಗಿದುವು. ಆಪಲಿನ ಸಫಾರಿ 2020ರ ಮಾರ್ಚಿಯಲ್ಲಿ ಮೂರನೆಯವರ ಕುಕೀಗಳನ್ನು ಪೂರ್ತಿಯಾಗಿ ತಡೆಯಿತು. ಫೈರ್‌ಫಾಕ್ಸ್ ಬೆನ್ನಟ್ಟುವ ಕುಕೀಗಳನ್ನು ಅದಕ್ಕೂ ಮೊದಲೇ ತಡೆದಿತ್ತು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಕ್ರೋಮ್ ಅದೇ ವರ್ಷದ ಜನವರಿಯಲ್ಲಿ, ಎರಡು ವರ್ಷದೊಳಗೆ ತಾನೂ ಹಾಗೆ ಮಾಡುವೆನೆಂದು ಮಾತು ಕೊಟ್ಟು, ಗಡುವನ್ನು 2023ಕ್ಕೂ 2024ಕ್ಕೂ 2025ಕ್ಕೂ ಮುಂದೂಡುತ್ತ ಬಂದು, 2024ರ ಜುಲೈಯಲ್ಲಿ ಆ ಸಂಕಲ್ಪವನ್ನು ಕೈಬಿಟ್ಟಿತು. ಕ್ರೋಮಿನ ಒಡೆಯರು ಡಬಲ್‌ಕ್ಲಿಕ್ಕಿಗೂ ಒಡೆಯರೆಂಬುದನ್ನು ನೆನೆದರೆ ಆಶ್ಚರ್ಯಪಡಬೇಕಾದುದು ಕೈಬಿಟ್ಟುದಕ್ಕಲ್ಲ, ಮಾತು ಕೊಟ್ಟುದಕ್ಕೆ. ಯೂರೋಪಿನ ಆಯೋಗವು ಪ್ರಶ್ನೆಯನ್ನು ಬ್ರೌಸರಿಗೆ ಹಿಂದಿರುಗಿಸುವ ಮಸೂದೆಯೊಂದನ್ನು 2017ರಲ್ಲಿ ಮಂಡಿಸಿ, ಸದಸ್ಯರಾಷ್ಟ್ರಗಳ ಒಮ್ಮತವಾಗದೆ, 2025ರಲ್ಲಿ ಹಿಂದೆಗೆದುಕೊಳ್ಳುವುದಾಗಿ ಸಾರಿತು; ಅದೇ ವರ್ಷದ ನವೆಂಬರಿನಲ್ಲಿ ಹೊಸ ಪ್ರಸ್ತಾವವೊಂದರ ಮೂಲಕ ಅದೇ ವಿಚಾರವನ್ನು ಮತ್ತೆ ಮುಂದಿಟ್ಟಿತು.

ಭಾರತದಲ್ಲಿ ಈ ಕಥೆಯ ಮೊದಲ ಹೆಸರು ಬೆಂಗಳೂರಿನದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು, ಎಂಬತ್ತಾರು ವರ್ಷ ತುಂಬಿದ ಮೇಲೆ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದರಿಂದ ಹೊರಟ ವಾದದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಘೋಷಿಸಿತು. ಆ ತೀರ್ಪಿನ ನೆಲೆಯಲ್ಲಿ, ಅನೇಕ ಕರಡುಗಳು ಬಂದು ಹೋದ ಮೇಲೆ, 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಅಂಗೀಕೃತವಾಯಿತು. ಅದರಲ್ಲಿ ಕುಕೀ ಎಂಬ ಶಬ್ದವೇ ಇಲ್ಲ. ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ನಿರುಪಾಧಿಕವೂ ಆಗಿರಬೇಕೆಂಬ ಮಾತುಂಟು. ಸರ್ಕಾರದ ಸಂಸ್ಥೆಗಳಿಗೆ ಬಿಟ್ಟುಕೊಟ್ಟ ವಿನಾಯಿತಿಗಳು ಮಾತ್ರ ಆ ತೀರ್ಪಿನ ಗಾಂಭೀರ್ಯಕ್ಕೆ ಹೊಂದುವಂತಿಲ್ಲ. ಸಮ್ಮತಿಯನ್ನು ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಪ್ರಜೆಗೆ ಇರಬೇಕೆಂಬ ವಿಧಿ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದುದು. ಒಪ್ಪಿಗೆಯನ್ನು ಇದುವರೆಗೆ ತಮಗೆ ತಿಳಿಯದ ನುಡಿಯಲ್ಲಿ ಕೊಡುತ್ತಿದ್ದ ರೈತನೂ ಗೃಹಿಣಿಯೂ ತಮ್ಮ ನುಡಿಯಲ್ಲಿ ಪ್ರಶ್ನೆಯನ್ನು ಕೇಳಿಸಿಕೊಳ್ಳುವರು. ಅದು ನೇರವಾದ ಪ್ರಶ್ನೆಯಾಗಿರುವುದೋ ಸುತ್ತುಬಳಸಿನದೋ ಎಂಬುದು ಬರೆಯುವವನ ಕೈಯಲ್ಲಿದೆ.

ಬರೆಯುವವನನ್ನು ಕುರಿತು ಈ ಅಧಿನಿಯಮದಲ್ಲಿ ಒಂದು ಹೊಸ ಕಲ್ಪನೆಯಿದೆ. ಪ್ರಜೆಯೊಬ್ಬನು ತಾನು ಯಾರು ಯಾರಿಗೆ ಏನೇನನ್ನು ಒಪ್ಪಿದ್ದೇನೆಂಬುದನ್ನು ಒಂದೇ ಕಡೆಯಲ್ಲಿ ನೋಡಿ, ಬೇಕಾದಾಗ ಕೊಟ್ಟು, ಬೇಡವಾದಾಗ ಹಿಂದಕ್ಕೆ ಪಡೆಯಲು ಅವನ ಪರವಾಗಿ ನಿಲ್ಲತಕ್ಕ ಸಮ್ಮತಿ ನಿರ್ವಾಹಕರೆಂಬ ಮಧ್ಯಸ್ಥರನ್ನು ಅದು ಗುರುತಿಸುತ್ತದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಇಂತಹ ನಿರ್ವಾಹಕನು ಭಾರತದಲ್ಲಿ ನೋಂದಾಯಿತವಾದ ಕಂಪನಿಯಾಗಿರಬೇಕು, ಕನಿಷ್ಠ 2 ಕೋಟಿ ರೂಪಾಯಿಯ ನಿವ್ವಳ ಸಂಪತ್ತು ಅದಕ್ಕಿರಬೇಕು, ದತ್ತಾಂಶವನ್ನು ಬಳಸುವ ಸಂಸ್ಥೆಗಳೊಡನೆ ಅದರ ಹಿತಾಸಕ್ತಿ ಬೆರೆತಿರಕೂಡದು, ತನ್ನ ಮೂಲಕ ಹಾದುಹೋಗುವ ದತ್ತಾಂಶವನ್ನು ಅದು ಓದುವಂತಿರಕೂಡದು. ಇವರ ನೋಂದಣಿಯ ನಿಯಮಕ್ಕೆ ಪ್ರಕಟಣೆಯಿಂದ ಒಂದು ವರ್ಷದ, ಸೂಚನೆ ಮತ್ತು ಸಮ್ಮತಿಯ ವಿಧಿಗಳಿಗೆ ಹದಿನೆಂಟು ತಿಂಗಳ ಅವಧಿಯನ್ನು ಕೊಡಲಾಗಿದೆ. ಅಂದರೆ ಪ್ರಶ್ನೆ ಕೇಳುವವನನ್ನು ಬದಲಾಯಿಸುವ ಈ ಪ್ರಯೋಗದ ಫಲ ನಮಗೆ ಕಾಣಸಿಕ್ಕುವುದು 2027ರ ಮೇ ತಿಂಗಳಿನ ಆಚೆಗೆ.